ಪೂವಮ್ಮನ ಕಳೆದುಹೋದ ತಿಂಗಳುಗಳು

ಪೂವಮ್ಮನಿಗೆ ನುಸ್ರತಳ ಗುರುತು ಸಿಗಲಿಲ್ಲ.

ಆರು ತಿಂಗಳ ಹಿಂದೆ ಸಿದ್ಧಕಟ್ಟೆಯ ಇದೇ ಮನೆಯ ಜಗಲಿಯಲ್ಲಿ ಅವಳು ಬೀಡಿ ಕಟ್ಟುತ್ತಲೇ ನುಸ್ರತಳ ನಲವತ್ತು ಪ್ರಶ್ನೆಗಳಿಗೂ ಉತ್ತರ ಕೊಟ್ಟಿದ್ದಳು. "ಇಷ್ಟು ಬಿಸಿಲಿನ ಊರಲ್ಲಿ ನನಗೆ ಬಿಸಿಲು ಕಡಿಮೆಯಾ?" ಎಂದು ಜೋರಾಗಿ ನಕ್ಕು, "ಬಿಸಿಲು ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು ಮಗಾ? ಬೆಳಿಗ್ಗೆಯಿಂದ ಎಲೆ, ನೂಲು, ಕತ್ತರಿ" ಎಂದಿದ್ದಳು. ಆ ಹೆಂಗಸು ಈಗ ಗೋಡೆಗೆ ಒರಗಿಸಿಟ್ಟ ಮೂಟೆಯ ಹಾಗೆ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಕಣ್ಣು ನುಸ್ರತಳ ಮೇಲೆ ಬಿದ್ದರೂ ಅಲ್ಲಿ ನಿಲ್ಲದೆ ಜಾರಿ ಹೋಗುತ್ತಿತ್ತು.

"ಪೂವಕ್ಕಾ, ನಾನು ಮೆಲ್ಕಾರಿನ ನುಸ್ರತ್. ಮೂಳೆ ಪರೀಕ್ಷೆಗೆ ಬಂದಿದ್ದೆನಲ್ಲ?"

"ನೀರು" ಎಂದಳು ಪೂವಮ್ಮ.

ಗಂಡ ಹುಕ್ರಪ್ಪ ಚೊಂಬು ಹಿಡಿದು ಪಕ್ಕದಲ್ಲೇ ನಿಂತಿದ್ದ. ಎಪ್ಪತ್ತೆರಡರ ಆ ಮನುಷ್ಯ ಒಂದು ಕೈಯಲ್ಲಿ ಹೆಂಡತಿಯ ಗಲ್ಲ ಎತ್ತಿ ಹಿಡಿದು ನೀರು ಕುಡಿಸಿದ, ಹೆಗಲ ಬೈರಾಸಿನಿಂದ ಬಾಯಿ ಒರೆಸಿದ. "ದಿನಕ್ಕೆ ಒಂದು ಕೊಡಪಾನ ಖಾಲಿ ಮಾಡ್ತಾಳೆ. ಅನ್ನ ಸೇರುವುದಿಲ್ಲ, ತಿಂದದ್ದು ನಿಲ್ಲುವುದಿಲ್ಲ. ಡಾಕ್ಟ್ರು ಮರೆವಿನ ಕಾಯಿಲೆ ಅಂತ ಹೇಳಿ ಮಾತ್ರೆ ಕೊಟ್ಟಿದ್ದಾರೆ. ವಯಸ್ಸಾಯ್ತಲ್ಲ ಅಕ್ಕಾ, ಎಂತ ಮಾಡುವುದು?"

ನುಸ್ರತಳಿಗೂ ಹಾಗೆಯೇ ಅನ್ನಿಸಿತು. ಅವಳ ಅಜ್ಜಿಯೂ ಕೊನೆಯ ವರ್ಷ ಯಾರನ್ನೂ ಗುರುತಿಸದೆ ತೀರಿಹೋಗಿದ್ದಳು. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅರುವತ್ತು ದಾಟಿದ ಹೆಂಗಸರ ಮೂಳೆಗಳ ಬಗ್ಗೆ ನಡೆಸುತ್ತಿದ್ದ ಅಧ್ಯಯನದಲ್ಲಿ ಅವಳು ಕ್ಷೇತ್ರ ಸಹಾಯಕಿ. ಒಟ್ಟು ತೊಂಬತ್ತೇಳು ಮನೆ. ಮೊದಲ ಸಲ ರಕ್ತ ತೆಗೆದು, ಮೂಳೆಯ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ಕಡಿಮೆ ಇದ್ದವರಿಗೆ ವಾರಕ್ಕೊಂದರಂತೆ ಎಂಟು ವಾರಕ್ಕೆ ಪುಡಿಯ ಪೊಟ್ಟಣ ಕೊಡುವುದು. ಆರು ತಿಂಗಳಾದ ಮೇಲೆ ಮತ್ತೆ ಬಂದು ರಕ್ತ ತೆಗೆಯುವುದು. ವಿಟಮಿನ್ ಡಿ ಮೂವತ್ತು ಇರಬೇಕಾದ ಕಡೆ ಪೂವಮ್ಮನಿಗೆ ಮೊದಲ ಸಲ ಇದ್ದದ್ದು ಒಂಬತ್ತು.

ನೆನಪಿನ ತೊಂದರೆ ಇರುವವರನ್ನು ಅಧ್ಯಯನದಿಂದ ಕೈಬಿಡಬೇಕೆಂಬ ನಿಯಮವಿತ್ತು. ನುಸ್ರತ್ ಪೂವಮ್ಮನ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ತೆಗೆದಳು. ಆಗ ಪೂವಮ್ಮ ಸೂಜಿಯ ಪೆಟ್ಟಿಗೆಯನ್ನು ನೋಡಿದವಳೇ ಯಾರೂ ಹೇಳದೆ ಎಡಗೈಯನ್ನು ಮುಂದೆ ಚಾಚಿದಳು. ಚಾಚಿದ ಕೈಯನ್ನು ಬೇಡವೆನ್ನಲು ನುಸ್ರತಳಿಗೆ ಮನಸ್ಸು ಬರಲಿಲ್ಲ. ಎರಡು ನಳಿಗೆ ರಕ್ತ ತೆಗೆದುಕೊಂಡು ಹೊರಟಳು.

ಮಾರನೆಯ ದಿನ ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಅಬ್ದುಲ್ ಹಕೀಂ ಎಂಬ ಅಡಿಕೆ ವ್ಯಾಪಾರಿಯ ಮನೆಯಲ್ಲಿ, ಅವರು ಉಮ್ಮ ಎಂದು ಕರೆಯುವ ತಾಯಿಯ ಎರಡನೆಯ ಪರೀಕ್ಷೆಗೆ ಕೂತಿದ್ದಾಗ ಫೋನ್ ಬಂತು. ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಶಹನಾಝ್. ಎಂದೂ ಅವಸರದಲ್ಲಿ ಮಾತಾಡದ ಹೆಂಗಸು.

"ನುಸ್ರತ್, ಸಿದ್ಧಕಟ್ಟೆಯ ಆ ಸ್ಯಾಂಪಲ್ ಯಾರದ್ದು? ಪೂವಮ್ಮ ಅಂತ ಬರೆದದ್ದು ಸರಿ ಉಂಟಾ? ಅದಲುಬದಲು ಆಗಿಲ್ಲ ತಾನೇ?"

"ಇಲ್ಲ ಡಾಕ್ಟ್ರೇ. ನಾನೇ ತೆಗೆದದ್ದು, ನಾನೇ ಹೆಸರು ಅಂಟಿಸಿದ್ದು. ಯಾಕೆ?"

"ಡಿ ಮುನ್ನೂರ ಹನ್ನೆರಡು ಬಂದಿದೆ."

ನುಸ್ರತ್ ಕುರ್ಚಿಯಿಂದ ಎದ್ದು ನಿಂತಳು. ತೊಂಬತ್ತೇಳು ಹೆಂಗಸರಲ್ಲಿ ಒಬ್ಬರಿಗೂ ಐವತ್ತು ದಾಟಿದ್ದನ್ನು ಅವಳು ಕಂಡಿರಲಿಲ್ಲ. "ಮೂವತ್ತೊಂದು ಇರಬೇಕು ಡಾಕ್ಟ್ರೇ, ಎಲ್ಲೋ ತಪ್ಪಿ..."

"ಎರಡು ಸಲ ನೋಡಿದ್ದೇವೆ. ಕ್ಯಾಲ್ಸಿಯಂ ಹದಿನಾಲ್ಕೂವರೆ. ಅದು ಹತ್ತೂವರೆ ದಾಟಲೇಬಾರದು. ಅವರಿಗೆ ಮರೆವಿನ ಕಾಯಿಲೆ ಅಲ್ಲ ನುಸ್ರತ್, ವಿಷ ಏರಿದ ಹಾಗೆ ಆಗಿದೆ. ಯಾವ ಕ್ಷಣದಲ್ಲಾದರೂ ಹೃದಯ ನಿಲ್ಲಬಹುದು. ಈಗಲೇ ಮಂಗಳೂರಿಗೆ ತರಬೇಕು. ಮತ್ತೆ ಅವರು ಏನು ತೆಗೆದುಕೊಳ್ತಿದ್ದಾರೆ ಅಂತ ನೋಡಿ ಬನ್ನಿ."

ಪೂವಮ್ಮನ ಮಗ ಸಂದೇಶ್ ಮೂಡುಬಿದಿರೆಯಲ್ಲಿ ಒಂದು ಮನೆಗೆ ವೈರಿಂಗ್ ಮಾಡುತ್ತಿದ್ದ. ನುಸ್ರತ್ ಅವನಿಗೆ ಫೋನ್ ಮಾಡಿ ಕಾರು ಮಾಡಿಕೊಂಡು ಮನೆಗೆ ಬರಲು ಹೇಳಿ, ಉಮ್ಮನ ರಕ್ತ ತೆಗೆಯುವುದನ್ನು ಇನ್ನೊಂದು ದಿನಕ್ಕೆ ಬಿಟ್ಟು, ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ತಲೆಯೊಳಗೆ ಒಂದೇ ಸಂಖ್ಯೆ ಸುತ್ತುತ್ತಿತ್ತು.

ಅವಳು ತಲುಪಿದಾಗ ಪೂವಮ್ಮ ಚಾಪೆಯ ಮೇಲೆ ಮಲಗಿ ಏನೋ ಗೊಣಗುತ್ತಿದ್ದಳು. ಸಂದೇಶ್ ಇನ್ನೂ ಬಂದಿರಲಿಲ್ಲ.

"ಹುಕ್ರಪ್ಪಣ್ಣಾ, ಇವರಿಗೆ ಎಂತೆಂತ ಮದ್ದು ಕೊಡ್ತಾ ಇದ್ದೀರಿ? ಎಲ್ಲ ತನ್ನಿ. ಬೇಗ."

ಹುಕ್ರಪ್ಪ ಮೊದಲು ಮರೆವಿನ ಮಾತ್ರೆ ತಂದ. ಆಮೇಲೆ ಬಿಸ್ಕತ್ತಿನ ಡಬ್ಬ ತಂದು ಮುಚ್ಚಳ ತೆಗೆದ. ಒಳಗೆ ಪುಡಿಯ ಪೊಟ್ಟಣಗಳು ಒತ್ತೊತ್ತಾಗಿ ಜೋಡಿಸಿದ್ದವು. ಅಧ್ಯಯನದವರು ಕೊಟ್ಟ ಪೊಟ್ಟಣಗಳ ಬಣ್ಣ ಬೇರೆ. ಇವು ಅಂಗಡಿಯಿಂದ ತಂದವು.

"ಇದು ನಿಮ್ಮದೇ ಮದ್ದು ಅಕ್ಕಾ. ನೀವು ಕೊಟ್ಟದ್ದು ಮುಗಿದ ಮೇಲೆ ನಾನೇ ತರಿಸಿದ್ದು."

"ವಾರಕ್ಕೆ ಎಷ್ಟು ಕೊಡ್ತೀರಿ?"

"ವಾರಕ್ಕಲ್ಲ, ದಿನಕ್ಕೊಂದು." ಅವನ ದನಿಯಲ್ಲಿ ಸಣ್ಣ ಹೆಮ್ಮೆಯೇ ಇತ್ತು. "ವಾರಕ್ಕೊಂದು ಕೊಟ್ಟದ್ದಕ್ಕೇ ಎರಡು ತಿಂಗಳಲ್ಲಿ ಮೊಣಕಾಲು ನೋವು ಹೋಗಿ ಪೇಟೆಯವರೆಗೆ ನಡೆದಳು. ದಿನಾ ಕೊಟ್ಟರೆ ಬೇಗ ಪೂರ್ತಿ ಗುಣ ಆಗ್ತದಲ್ಲ ಅಂತ ಬೆಳಿಗ್ಗೆ ಹಾಲಿಗೆ ಹಾಕಿ ನಾನೇ ಕುಡಿಸ್ತೇನೆ. ನಾಲ್ಕು ತಿಂಗಳಾಯ್ತು, ಒಂದು ದಿನ ತಪ್ಪಿಸಿಲ್ಲ. ಈಚೆಗೆ ಬಲ ಇಲ್ಲದ ಹಾಗಾಯ್ತಲ್ಲ, ಕೆಲವು ದಿನ ಎರಡು ಕೊಟ್ಟದ್ದೂ ಉಂಟು."

ನುಸ್ರತ್ ಒಂದು ಪೊಟ್ಟಣ ಎತ್ತಿ ಅದರ ಮೇಲಿನ ಬರಹ ಓದಿದಳು. "ಯಾರನ್ನಾದರೂ ಕೇಳಬಾರದಿತ್ತಾ ಹುಕ್ರಪ್ಪಣ್ಣಾ?"

"ನಿಮ್ಮನ್ನೇ ಕೇಳಿದ್ದೆನಲ್ಲ? ಇದರಿಂದ ತೊಂದರೆ ಏನಾದರೂ ಉಂಟಾ ಅಂತ. 'ಎಂತದೂ ಇಲ್ಲ, ಇದು ಬಿಸಿಲಿನ ಶಕ್ತಿ ಅಷ್ಟೇ' ಅಂತ ನೀವೇ ಹೇಳಿದ್ದು."

ಹೇಳಿದ್ದಳು. ಆ ದಿನ ಸಂಜೆಯೊಳಗೆ ಇನ್ನೂ ಐದು ಮನೆ ಮುಗಿಸಬೇಕಿತ್ತು. ಅನುಮಾನದಿಂದ ಪೊಟ್ಟಣವನ್ನು ತಿರುಗಿಸಿ ನೋಡುತ್ತಿದ್ದ ಹುಕ್ರಪ್ಪನನ್ನು ಒಪ್ಪಿಸಲು ಚೀಲ ಹೆಗಲಿಗೇರಿಸುತ್ತಾ ಹಾಗೆ ಹೇಳಿದ್ದಳು.

ಅವಳ ಮುಖ ನೋಡುತ್ತಾ ನೋಡುತ್ತಾ ಹುಕ್ರಪ್ಪನಿಗೆ ಎಲ್ಲವೂ ತಿಳಿಯಿತು. ಡಬ್ಬವನ್ನು ನಿಧಾನವಾಗಿ ನೆಲಕ್ಕಿಟ್ಟ. "ಹಾಗಾದರೆ ಇವಳು ಹೀಗಾದದ್ದು ನನ್ನ ಕೈಯಿಂದಲಾ?" ಎಂದ. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಸಂದೇಶ್ ತಾಯಿಯನ್ನು ಎತ್ತಿಕೊಂಡು ಓಡಿದ. ಹುಕ್ರಪ್ಪ ಕಾರಿನಲ್ಲಿ ಹೆಂಡತಿಯ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ.

ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ಉಪ್ಪುನೀರಿನ ಡ್ರಿಪ್ ಏರಿಸಿದರು. ಕ್ಯಾಲ್ಸಿಯಂ ಇಳಿಸುವ ಇಂಜೆಕ್ಷನ್ ಕೊಟ್ಟರು. ಐದು ದಿನ ಏನೂ ಬದಲಾಗಲಿಲ್ಲ. ಆರನೆಯ ಬೆಳಿಗ್ಗೆ ಪೂವಮ್ಮ ಕಣ್ಣು ಬಿಟ್ಟು, ಮಂಚದ ಕಾಲಿನ ಹತ್ತಿರ ನಿಂತಿದ್ದ ಗಂಡನನ್ನು ಬಹಳ ಹೊತ್ತು ನೋಡಿದಳು.

"ಗಡ್ಡ ಎಂತಕ್ಕೆ ಬಿಟ್ಟದ್ದು?" ಎಂದಳು.

ಸಂದೇಶ್ ಕೈಯಲ್ಲಿದ್ದ ಫ್ಲಾಸ್ಕನ್ನು ಕೆಳಗೆ ಬೀಳಿಸಿದ. ಎರಡು ತಿಂಗಳಿಗೂ ಹೆಚ್ಚು ಕಾಲ 'ನೀರು' ಮತ್ತು 'ಬೇಡ' ಬಿಟ್ಟರೆ ತಾಯಿಯ ಬಾಯಿಂದ ಅರ್ಥವಾಗುವ ಮಾತು ಬಂದಿರಲಿಲ್ಲ. ಅವಳು ಹೋಗಿಬಿಟ್ಟಳು, ಉಳಿದಿರುವುದು ದೇಹ ಮಾತ್ರ ಎಂದು ಮನೆಯವರೆಲ್ಲ ಒಳಗೊಳಗೇ ಒಪ್ಪಿಕೊಂಡಾಗಿತ್ತು. ಅವನು ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತ.

ಎರಡು ದಿನ ಬಿಟ್ಟು ಸಂದೇಶನ ಮಗಳು ತೃಷಾ ಬಂದಳು. ನುಸ್ರತ್ ಕೂಡ ಅಲ್ಲೇ ಇದ್ದಳು. ಅಜ್ಜಿ ಚೆನ್ನಾಗಿ ಮಾತಾಡುತ್ತಿರುವ ಸಂಭ್ರಮದಲ್ಲಿ ಹುಡುಗಿ ತನ್ನ ನಿಶ್ಚಿತಾರ್ಥದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸತೊಡಗಿದಳು.

"ನಿಶ್ಚಿತಾರ್ಥ ಯಾವಾಗ ಆಯ್ತು?" ಎಂದಳು ಪೂವಮ್ಮ. "ನನ್ನನ್ನು ಕರೆಯಲಿಲ್ಲವಾ?"

"ನೀವು ಬಂದಿದ್ದಿರಲ್ಲ ಅಜ್ಜಿ, ಮೂಡುಬಿದಿರೆಯ ಸಭಾಭವನಕ್ಕೆ. ಇಲ್ಲಿ ನೋಡಿ."

ಫೋಟೋದಲ್ಲಿ ಹಸಿರು ಸೀರೆಯ ಮುದುಕಿಯೊಬ್ಬಳನ್ನು ಇಬ್ಬರು ತೋಳು ಹಿಡಿದು ಕೂರಿಸಿದ್ದರು. ಬಾಯಿ ಅರೆ ತೆರೆದಿತ್ತು, ಸೆರಗು ಜಾರಿತ್ತು. ಪೂವಮ್ಮ ಮೊಬೈಲನ್ನು ಹತ್ತಿರ ತಂದಳು, ದೂರ ಹಿಡಿದಳು. "ಇದು ಯಾರು?" ಎಂದು ಕೇಳಿ, ತೃಷಾ ಉತ್ತರ ಕೊಡುವ ಮೊದಲೇ ಸೀರೆಯ ಅಂಚು ಗುರುತಿಸಿ ಮೊಬೈಲನ್ನು ಹಾಸಿಗೆಯ ಮೇಲೆ ಕವುಚಿ ಹಾಕಿದಳು.

ಅವಳಿಗೆ ಏನೂ ಹೇಳುವುದು ಬೇಡವೆಂದು ಸಂದೇಶ್ ಎಲ್ಲರಿಗೂ ಹೇಳಿಟ್ಟಿದ್ದ. ಹುಕ್ರಪ್ಪ ಅದನ್ನು ಮೀರಿದ. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು, ಪೊಟ್ಟಣ, ಹಾಲು, ನಾಲ್ಕು ತಿಂಗಳು, ಎರಡೆರಡು ಕೊಟ್ಟ ದಿನಗಳು, ಒಂದೂ ಬಿಡದೆ ಹೇಳಿದ. ಅವನು ಮುಗಿಸುತ್ತಿದ್ದಂತೆ ನುಸ್ರತ್ ಮುಂದೆ ಬಂದಳು. "ಏನೂ ಆಗುವುದಿಲ್ಲ ಅಂತ ಹೇಳಿದ್ದು ನಾನು ಪೂವಕ್ಕಾ. ಅವರು ನನ್ನ ಮಾತು ನಂಬಿದ್ದು."

ಪೂವಮ್ಮ ಅಳಲೂ ಇಲ್ಲ, ಕೂಗಾಡಲೂ ಇಲ್ಲ.

"ಅವರು ನಿನ್ನನ್ನು ಕೇಳಿದ್ರು, ನೀನು ಹೇಳಿದೆ. ನನ್ನನ್ನು ಯಾರು ಕೇಳಿದ್ದು?" ಎಂದು ಗಂಡನ ಕಡೆ ತಿರುಗಿದಳು. "ನಿಶ್ಚಿತಾರ್ಥ ನೆನಪಿಲ್ಲ, ಆದರೆ ಒಂದು ನೆನಪುಂಟು. ಹಾಲು ಬೇಡ, ವಾಂತಿ ಬರ್ತದೆ, ಅದು ಕುಡಿದರೆ ತಲೆ ತಿರುಗ್ತದೆ ಅಂತ ನಾನು ಹೇಳಿದ್ದು ನೆನಪುಂಟು. ಎಷ್ಟು ಸಲ ಹೇಳಿದೆ! ಮುದುಕಿಗೆ ತಲೆ ಕೆಟ್ಟಿದೆ ಅಂತ ನನ್ನ ಮೂಗು ಹಿಡಿದು ಕುಡಿಸಿದ್ರಿ."

ಹುಕ್ರಪ್ಪ ಎದ್ದು ಹೊರಗೆ ಹೋದ. ಪೂವಮ್ಮ ಮೂರು ದಿನ ಅವನ ಜೊತೆ ಮಾತಾಡಲಿಲ್ಲ.

ಮೂರು ವಾರದ ನಂತರ ಮನೆಗೆ ಕಳಿಸುವ ಮೊದಲು ಮೂಳೆಯ ಸ್ಕ್ಯಾನ್ ಮತ್ತೆ ಮಾಡಿದರು. ಡಾಕ್ಟರ್ ಶಹನಾಝ್ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನುಸ್ರತಳಿಗೆ ತೋರಿಸಿದರು. ಸೊಂಟದ ಮೂಳೆ ಆರು ತಿಂಗಳ ಹಿಂದೆ ಇದ್ದದ್ದಕ್ಕಿಂತಲೂ ತೆಳುವಾಗಿತ್ತು. "ಅತಿಯಾದರೆ ಇದೇ ಮದ್ದು ಮೂಳೆಯಲ್ಲಿರುವ ಸುಣ್ಣವನ್ನು ಕಿತ್ತು ರಕ್ತಕ್ಕೆ ಸುರಿಯುತ್ತದೆ" ಎಂದರು. ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿತ್ತು; ಅದು ಪೂರ್ತಿ ಸರಿಯಾಗುವ ಭರವಸೆ ಇರಲಿಲ್ಲ. ನುಸ್ರತ್ ಆ ಚಿತ್ರಗಳ ಮುಂದೆ ಕೂತೇ ಎಲ್ಲ ಮನೆಗಳಿಗೂ ಮತ್ತೊಮ್ಮೆ ಹೋಗುತ್ತೇನೆಂದು ಹೇಳಿದಳು. ಈ ಸಲ ನಲವತ್ತು ಪ್ರಶ್ನೆಗಳ ಹಾಳೆ ಒಯ್ಯಲಿಲ್ಲ. "ಮದ್ದು ಹೇಗೆ ತಿಂತೀರಿ, ತೋರಿಸಿ" ಎಂದು ಮಾತ್ರ ಕೇಳಿದಳು. ಉಳಿದ ತೊಂಬತ್ತಾರು ಮನೆಗಳಲ್ಲಿ ಏಳು ಮನೆಯವರು ವಾರದ ಪುಡಿಯನ್ನು ದಿನವೂ ತಿನ್ನುತ್ತಿದ್ದರು. ಅಬ್ದುಲ್ ಹಕೀಮರ ಉಮ್ಮ, ದುಬೈಯಲ್ಲಿರುವ ಮೊಮ್ಮಗ ಕಳಿಸಿದ ದೊಡ್ಡ ಬಾಟಲಿಯ ಮಾತ್ರೆಯನ್ನೂ ಅದರ ಜೊತೆಗೆ ಸೇರಿಸಿ ನುಂಗುತ್ತಿದ್ದರು. "ವಿಟಮಿನ್ ಅಲ್ಲವಾ ಮೋಳೇ, ಮದ್ದು ಅಲ್ಲವಲ್ಲ" ಎಂದು ಅವರು ನಕ್ಕಾಗ ನುಸ್ರತ್ ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡಳು. ಏಳು ಜನರ ರಕ್ತವನ್ನೂ ಆಯಾ ದಿನವೇ ಕಳಿಸಿದಳು. ಯಾರೂ ಪೂವಮ್ಮನಷ್ಟು ದೂರ ಹೋಗಿರಲಿಲ್ಲ. ಇನ್ನು ಎರಡು ತಿಂಗಳು ತಡವಾಗಿದ್ದರೆ ಹೇಳುವ ಹಾಗಿರಲಿಲ್ಲ.

ಕೊನೆಯ ಸಲ ನುಸ್ರತ್ ಸಿದ್ಧಕಟ್ಟೆಗೆ ಹೋದಾಗ ಬೆಳಿಗ್ಗೆ ಒಂಬತ್ತು ಗಂಟೆ. ಪೂವಮ್ಮ ಅಂಗಳದ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನಡೆಯಲು ಕೋಲು ಬೇಕಾಗಿತ್ತು, ಬೆರಳು ಇನ್ನೂ ನಡುಗುತ್ತಿತ್ತು. ಡಾಕ್ಟರು ಹಾಲು ನಿಲ್ಲಿಸಿದ್ದರಿಂದ ಹುಕ್ರಪ್ಪ ಕಪ್ಪು ಚಹಾ ತಂದ.

ಪೂವಮ್ಮ ಲೋಟ ಮುಟ್ಟಲಿಲ್ಲ. "ಇದರಲ್ಲಿ ಎಂತ ಉಂಟು?"

"ಚಹಾಪುಡಿ, ಬೆಲ್ಲ, ಸ್ವಲ್ಪ ಶುಂಠಿ."

"ಬೇರೆ?"

"ಬೇರೆ ಎಂತದೂ ಇಲ್ಲ."

ಮನೆಗೆ ಬಂದ ದಿನದಿಂದ ಪ್ರತಿ ಲೋಟಕ್ಕೂ ಹೀಗೆಯೇ ಕೇಳುತ್ತಾಳೆ ಎಂದು ಆಮೇಲೆ ಸಂದೇಶ್ ಹೇಳಿದ. ಹುಕ್ರಪ್ಪ ಒಮ್ಮೆಯೂ ಬೇಸರಿಸದೆ, ಪ್ರತಿ ಸಲ ಮೊದಲಿನಿಂದ ಹೇಳುತ್ತಾನಂತೆ. ಈಗಲೂ ಹೆಂಡತಿ ಕೈ ಚಾಚುವವರೆಗೆ ಅವನು ಬಿಸಿ ಲೋಟವನ್ನು ಬೈರಾಸಿನಲ್ಲಿ ಹಿಡಿದುಕೊಂಡು ನಿಂತೇ ಇದ್ದ.