ಹೊನ್ನಮ್ಮನ ಬಾಯ್ಲರಿನ ಬೆಂಕಿ

ಕುಮಟೆಯಿಂದ ಮೊದಲ ಬಸ್ಸಿಗೆ ಬಂದಿಳಿದ ದುರ್ಗಿಗೆ ಹೊನ್ನಾವರದ ಹೊಳೆ ಕಾಣಲಿಲ್ಲ. ಮಂಜು ಅದನ್ನು ಪೂರ್ತಿ ನುಂಗಿತ್ತು. ಹೊಳೆಯಿರಬೇಕಾದಲ್ಲಿ ಬೆಳ್ಳನೆಯ ಬಯಲೊಂದು, ಅದರ ನಡುವೆ ನೀರಿಲ್ಲದೆಯೇ ತೇಲಿ ಬರುವ ಲಾಂಚು, ಲಾಂಚಿನ ತುಂಬ ಬಾಳೆಗೊನೆ, ಕೋಳಿಬುಟ್ಟಿ, ಭಟ್ಕಳದ ಕಡೆಯವರ ಟ್ರಂಕು. ಸೇತುವೆ ಇಲ್ಲದ ಕಾಲ ಅದು. ಆಚೆಯಿಂದ ಬಂದವರೆಲ್ಲ ಕಾಸರಕೋಡಿನಲ್ಲಿ ಬಸ್ಸಿಳಿದು, ಲಾಂಚು ಹತ್ತಿ, ಈಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಆ ಎರಡು ಬಸ್ಸುಗಳ ನಡುವೆ ಒಂದು ಚಾ ಕುಡಿಯದೆ ಮುಂದೆ ಹೋದವರು ಕಡಿಮೆ. ಆ ಚಾ ಹೊನ್ನಮ್ಮನದು.

ತೆಂಗಿನ ಮಡಲಿನ ಮಾಡು, ಎರಡು ಬೆಂಚು, ಮೂಲೆಯಲ್ಲಿ ಎದೆಯೆತ್ತರದ ಹಿತ್ತಾಳೆಯ ಬಾಯ್ಲರು. ಅಷ್ಟೇ ಅಂಗಡಿ. ಬಾಯ್ಲರಿನ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಕೊಳವೆಯೊಳಗೆ ಇದ್ದಿಲಿನ ಕೆಂಡ, ಹೊರಗೆ ಸುತ್ತಲೂ ನೀರು. ನೀರು ಬೆಂಕಿಯನ್ನು ಬಳಸಿ ನಿಂತಿರುತ್ತದೆ, ಮುಟ್ಟುವುದಿಲ್ಲ. ಮುಟ್ಟಿದ ದಿನ ರಿಪೇರಿಯವರಿಗೆ ಹೇಳಿಕಳಿಸಬೇಕು.

ದುರ್ಗಿ ಹೊಳನಗದ್ದೆಯವಳು. ಒಂದು ವರ್ಷ ಕೊಯ್ಲು ಮುಗಿದ ಮೇಲೆ ಕುಮಟೆ ಪೇಟೆಯ ರಮಾನಂದ ಶೇಟರ ಅಂಗಡಿಗೆ ತಿದಿ ಒತ್ತುವ ಕೂಲಿಗೆ ಬಂದಿದ್ದಳು. ಮುಂದಿನ ನಟ್ಟಿಗೆ ಊರಿಗೆ ಹೋಗುತ್ತೇನೆ ಎಂದವಳು ಹೋಗಲಿಲ್ಲ. ತವರ ಕರಗಿ ನೀರಾಗುವುದನ್ನೂ, ಕಪ್ಪಾದ ತಾಮ್ರ ನವಸಾಗರ ಮುಟ್ಟಿದೊಡನೆ ಕೆನ್ನೆ ಕೆಂಪಾದ ಮದುಮಗಳಂತೆ ಮುಖ ತೆರೆಯುವುದನ್ನೂ ನೋಡುತ್ತ ಕೂತವಳಿಗೆ ವರ್ಷಗಳು ಹೋದದ್ದು ತಿಳಿಯಲಿಲ್ಲ. ಕುಮಟೆಯಿಂದ ಭಟ್ಕಳದವರೆಗಿನ ಹೊಟೇಲುಗಳ ಬಾಯ್ಲರು, ಖಾನಾವಳಿಗಳ ಕೊಪ್ಪರಿಗೆ, ಪಂಪಿನ ಸ್ಟೋವು ಎಲ್ಲ ಶೇಟರ ಕೈಯಲ್ಲೇ ಸರಿಯಾಗುತ್ತಿದ್ದವು. ಈ ವರ್ಷ ಅವರ ಕಣ್ಣಿಗೆ ಮಂಜು ಬಂತು. ಹೊನ್ನಮ್ಮನಿಂದ ಹೇಳಿಕೆ ಬಂದಾಗ ಶೇಟರು ತಿದಿ, ಇದ್ದಿಲಿನ ಪುಟ್ಟ ಶೆಗಡಿ, ಬೆಸುಗೆಯ ಸಾಮಾನನ್ನೆಲ್ಲ ತಡವಿ ತಡವಿ ಚೀಲಕ್ಕೆ ತುಂಬಿ ದುರ್ಗಿಯ ಎದುರಿಗೆ ಇಟ್ಟಿದ್ದರು.

"ನಾನೊಬ್ಬಳೇ?" ಎಂದಿದ್ದಳು ದುರ್ಗಿ.

"ನನ್ನ ತೋಳು ದಪ್ಪ. ಆ ಬಾಯ್ಲರಿನ ತಳಕ್ಕೆ ಒಂದು ದಿನವೂ ಮುಟ್ಲಿಲ್ಲ. ನಿಂದು ಮುಟ್ತದೆ."

"ಹಾಳಾದ್ರೆ?"

"ಹಾಳಾದ್ರೆ ಗದ್ದೆ ಇದ್ದೇ ಅದೆ. ನಟ್ಟಿಗೆ ಜನ ಬೇಕೇ ಬೇಕು."

ಶೇಟರು ತಮಾಷೆಗೆ ಅಂದದ್ದು. ದುರ್ಗಿ ತಮಾಷೆ ಎಂದುಕೊಳ್ಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲದೊಳಗೆ ಕೈಯಿಟ್ಟು ಬೆಸುಗೆಯ ಕೋಲು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಲೇ ಇದ್ದಳು. ಇದ್ದೇ ಇತ್ತು. ಆದರೂ ನೋಡುತ್ತಿದ್ದಳು.

"ಶೇಟ್ರು ಎಲ್ಲಿ?" ಹೊನ್ನಮ್ಮ ಅವಳ ಬೆನ್ನ ಹಿಂದೆ ಹುಡುಕಿದಳು.

"ಕಣ್ಣಿಗೆ ಮಂಜು ಬಂದದೆ ಅಮ್ಮಾ. ನನ್ನ ಕಳಿಸಿದ್ರು."

ಲಾಂಚಿನಲ್ಲಿ ಟಿಕೇಟು ಹರಿಯುವ ಗಣಪ ಬೆಂಚಿನ ಮೇಲೆ ಕೂತು ಬಸಿಯಲ್ಲಿ ಚಾ ಆರಿಸುತ್ತಿದ್ದ. "ಹೊನ್ನಕ್ಕಾ, ಮುಂದಿನ ಸಲ ತೊಟ್ಟಿಲ ಕೂಸನ್ನೇ ಕಳಿಸ್ತಾರೆ ಕಾಣು," ಎಂದ.

"ನೀನು ಲಾಂಚಿಗೆ ಹಗ್ಗ ಕಟ್ಟೂಕೆ ಬಂದಾಗ ನಿಂಗೆ ಮೀಸೆ ಬಂದಿತ್ತನಾ?" ಎಂದು ಹೊನ್ನಮ್ಮ ಅವನ ಬಾಯಿ ಮುಚ್ಚಿಸಿದಳೇನೋ ನಿಜ. ಆದರೆ ದುರ್ಗಿಯ ಸಪೂರ ಕೈ ನೋಡಿದ ಅವಳ ಕಣ್ಣಿನಲ್ಲೂ ನಂಬಿಕೆ ಇರಲಿಲ್ಲ. ಬಾಯ್ಲರಿನ ಬುಡದ ಬಾಗಿಲು ತೆಗೆದು, "ಕೇಳು," ಎಂದಳು.

ಒಳಗೆ ಕೆಂಡದ ಮೇಲೆ ಒಂದು ಹನಿ ಬಿತ್ತು. ಚುಂಯ್. ಕೆಂಪಿನ ಮೇಲೆ ಕಪ್ಪು ಬೊಟ್ಟೊಂದು ಮೂಡಿ ಮಾಯವಾಯಿತು. ಮತ್ತೊಂದು ಹನಿ. ಚುಂಯ್.

"ಹೀಂಗೆ ಅಳ್ತದೆ. ಮೊದ್ಲು ಯಾವಾಗ್ಲಾದ್ರೂ ಒಮ್ಮೆ. ಈಗ ನಿಲ್ಲೂದೇ ಇಲ್ಲ. ಇನ್ನೆರಡು ದಿನ ಬಿಟ್ರೆ ನನ್ನ ಬೆಂಕಿಯನ್ನೇ ನುಂಗ್ತದೆ."

"ಬೆಂಕಿ ಆರಿಸಿ, ನೀರು ಚೆಲ್ಲಿ ಬಿಚ್ಚಬೇಕು ಅಮ್ಮಾ."

"ನೀರು ಚೆಲ್ಲು. ಬೆಂಕಿ ಆರ್ಸೂದು ಮಾತ್ರ ಆಗೂದಿಲ್ಲ."

ಅಂಗಡಿ ಹಾಕಿದ ದಿನ ಹೊನ್ನಮ್ಮನ ಗಂಡ ಮುಟ್ಟಳ್ಳಿಯ ತನ್ನ ತಾಯಿಯ ಒಲೆಯಿಂದ ಕೆಂಡ ತಂದಿದ್ದ. ಮಡಕೆಯಲ್ಲಿ ಬೂದಿ ಮುಚ್ಚಿ, ಬಸ್ಸಿನವನಿಗೆ ಕಾಣದಂತೆ ಪಂಚೆಯ ಮರೆಯಲ್ಲಿ ಹಿಡಿದು, ಹೊಳೆ ದಾಟಿಸಿದ್ದ. ಅವತ್ತು ಬಾಯ್ಲರಿಗೆ ಬಿದ್ದ ಬೆಂಕಿ ಇವತ್ತಿನವರೆಗೆ ಆರಿಲ್ಲ. ಇರುಳು ಬೂದಿಯ ಕೆಳಗೆ ಮಲಗುತ್ತದೆ, ಬೆಳಗ್ಗೆ ಎರಡು ಬಾರಿ ಊದಿದರೆ ಏಳುತ್ತದೆ. ಗಂಡ ತೀರಿಕೊಂಡ ದಿನ ಕೂಡ ಅಕ್ಕಪಕ್ಕದವರು ಅದಕ್ಕೆ ಇದ್ದಿಲು ಹಾಕಿ ಕಾದಿದ್ದರು.

"ಮನುಷ್ಯ ಹೋದ. ಅವ ಹಚ್ಚಿದ್ದು ಉಳಿದದೆ," ಎಂದಳು ಹೊನ್ನಮ್ಮ, ಕೆಂಡ ಕೆದಕುತ್ತ.

"ಬೆಂಕಿಪೊಟ್ಟಣದ ಬೆಂಕಿಗೂ ನೀರು ಕುದಿತದೆ ಹೊನ್ನಕ್ಕಾ," ಎಂದ ಗಣಪ.

"ಕುದಿತದೆ. ನೀನು ಅದನ್ನೇ ಕುಡಿ, ಹೋಗು."

ಅಂಗಡಿಯಲ್ಲಿ ಬೇರೆ ಒಲೆ ಇಲ್ಲ, ಬೆಸುಗೆಯ ಶೆಗಡಿಗೆ ಆ ಬೆಂಕಿ ಹಾಕಲು ಹೊನ್ನಮ್ಮ ಒಪ್ಪುವವಳಲ್ಲ. ಆದ್ದರಿಂದ ಹಿತ್ತಿಲಾಚೆಯ ಈರಮ್ಮನಿಗೆ ಹೊನ್ನಮ್ಮ ಮೊದಲೇ ಹೇಳಿಟ್ಟಿದ್ದಳು. ಈರಮ್ಮ ಅಂಗಡಿಗೆ ಭಜಿ ಕರಿದು ಕೊಡುವವಳು. ಎಣ್ಣೆ ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು ಎಂದು ದಿನಕ್ಕೊಮ್ಮೆಯಾದರೂ ಇಬ್ಬರಿಗೂ ಜಗಳ. ಆವತ್ತು ಈರಮ್ಮ ತನ್ನ ಒಲೆ ಆರಿಸಿ, ಬೂದಿ ತೆಗೆದು, ಸೆಗಣಿ ಸಾರಿಸಿ, ಬಾಗಿಲಲ್ಲಿ ಕಾದು ನಿಂತಿದ್ದಳು.

ಹೊನ್ನಮ್ಮ ಕೆಂಡವನ್ನು ಮಡಕೆಗೆ ತುಂಬಿದಳು. ಮಂಜಿನಲ್ಲಿ ಹಿತ್ತಿಲು ದಾಟುವಾಗ ಅವಳ ಗಂಟಲಿನಿಂದ ಅವಳಿಗೇ ತಿಳಿಯದಂತೆ ಹೆಣ್ಣು ಒಪ್ಪಿಸುವ ಹಾಡಿನ ಧಾಟಿ ಹೊರಟಿತು, ಮಾತಿಲ್ಲದೆ, ಬರೀ ಗುನುಗು. ಆ ಬದಿಯಿಂದ ಈರಮ್ಮ ಅದಕ್ಕೆ ದನಿಗೂಡಿಸಿದಳು. ಹಿಂದೆ ಇದ್ದಿಲ ಬುಟ್ಟಿ ಹಿಡಿದು ನಡೆದ ದುರ್ಗಿಗೆ ತಾನು ಯಾರದೋ ದಿಬ್ಬಣದಲ್ಲಿ ಹೋಗುತ್ತಿದ್ದೇನೆ ಅನ್ನಿಸಿತು. ಮಡಕೆಯ ಬಾಯಿಯ ಕೆಂಪು ಮಂಜಿಗೆ ಹತ್ತಿ, ಮುದುಕಿಯರಿಬ್ಬರ ಮುಖವೂ ಎಳೆಯದಾಗಿತ್ತು.

ಕೆಂಡ ಒಲೆಗಿಳಿದ ಮೇಲೆ ಈರಮ್ಮ ದುರ್ಗಿಯತ್ತ ತಿರುಗಿದಳು. "ನೋಡು ಕೂಸೇ, ದೀಪ ಹಚ್ಚೂದರೊಳಗೆ ಬಂದು ಒಯ್ಯಬೇಕು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಬೆಂಕಿ ಹೊರಗೆ ಕೊಡೂದಿಲ್ಲ."

"ದೀಪ ಕಂಡ ಬೆಂಕಿ ಆ ಮನೇದೇ ಆಗ್ತದೆ," ಎಂದು ಹೊನ್ನಮ್ಮ ಮೆಲ್ಲಗೆ ಸೇರಿಸಿದಳು. "ಆಮೇಲೆ ಕೇಳೂಕೆ ನಂಗೆ ಬಾಯಿಲ್ಲ."

ದುರ್ಗಿ ತಲೆಯಾಡಿಸಿದಳು.

ಬಾಯ್ಲರಿನ ನೀರು ಚೆಲ್ಲಿ, ಮುಚ್ಚಳ ತೆಗೆದು, ಅವಳು ಮೇಲಿನಿಂದ ತೋಳನ್ನು ಭುಜದವರೆಗೆ ಇಳಿಬಿಟ್ಟಳು. ಬೆರಳು ತಳ ಮುಟ್ಟಿತು. ಕೊಳವೆ ತಳಕ್ಕೆ ಕೂಡುವಲ್ಲಿ ಕೂದಲೆಳೆಯಂಥ ಒಂದು ಬಿರುಕು. ಅಲ್ಲಿ ಕೆರೆದು, ಒರೆಸಿ, ತನ್ನ ಶೆಗಡಿಗೆ ಇದ್ದಿಲು ಹಾಕಿ ಕಡ್ಡಿ ಗೀರಿ ಹೊತ್ತಿಸಿ, ಬಾಯ್ಲರನ್ನು ಅದರ ಮೇಲೆ ಓರೆಯಾಗಿ ಕೂರಿಸಿದಳು. ತಿದಿ ಒತ್ತಿದಳು. ಹಿತ್ತಾಳೆ ನಿಧಾನ ಬಿಸಿಯೇರಿತು.

ಒಳಗೆ ತಲೆಯಿಟ್ಟರೆ ಲೋಕದ ಸದ್ದೆಲ್ಲ ಬೇರೆ. ಲಾಂಚಿನ ಗಂಟೆ ನೀರಿನಡಿಯಿಂದ ಬಾರಿಸಿದಂತೆ. ಗಣಪನ ಕೂಗು ಯಾವುದೋ ಹಳೆಯ ಕಾಲದಿಂದ ಬಂದಂತೆ. ಹೊರಗೆ ಹಗಲಿದ್ದರೂ ಬಾಯ್ಲರಿನೊಳಗೆ ಯಾವಾಗಲೂ ಇರುಳು. ಆ ಇರುಳಿನಲ್ಲಿ ತವರ ಹನಿಯಿತು, ಬೆಳ್ಳಿಯ ಹುಳದಂತೆ ಹರಿಯಿತು, ಬಿರುಕನ್ನು ಹುಡುಕಿಕೊಂಡು ಹೋಯಿತು. ಆಗಲೇ ಆ ವಾಸನೆ ಬಂದದ್ದು. ಸುಡುವ ಬೆಲ್ಲದ ವಾಸನೆ.

ಅವಳು ಕಣ್ಣು ಮುಚ್ಚಿದಳು. ಹೊಳನಗದ್ದೆಯ ಗದ್ದೆಯ ಅಂಚು, ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ, ಬಾಳೆಲೆಯ ಮೇಲೆ ನೂಲಾಗಿ ಬಿದ್ದ ಪಾಕ, ಅದನ್ನು ಊದಿ ಊದಿ ಬಾಯಿಗಿಡುವ ಅವ್ವನ ಬೆರಳು. ಅವ್ವ ಏನೋ ಹೇಳುತ್ತಿದ್ದಳು. ಗಾಳಿ ಅದನ್ನು ಒಯ್ಯುತ್ತಿತ್ತು. ಹಿತ್ತಾಳೆಯ ಬಾಯ್ಲರಿನೊಳಗೆ ಬೆಲ್ಲ ಎಲ್ಲಿಂದ ಬರಬೇಕು ಎಂದು ಕೇಳಿಕೊಳ್ಳಬೇಕಾದವಳು ಕೇಳಿಕೊಳ್ಳಲಿಲ್ಲ. ಅವ್ವನ ಮಾತು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟು, ತವರವನ್ನು ಸುತ್ತ ಹರಿಸುತ್ತ ಹೋದಳು.

ಮಧ್ಯಾಹ್ನದ ಲಾಂಚು ಹೋದ ಮೇಲೆ ನೀರು ತುಂಬಿದರು. ಹೊನ್ನಮ್ಮ ಬಾಗಿ ಕೊಳವೆಯ ಕೆಳಗೆ ಒಣ ಬೂದಿ ಹರಡಿದಳು. ಇಬ್ಬರೂ ಬಗ್ಗಿ ನೋಡಿದರು. ಬೂದಿಯ ಮೇಲೆ ಒಂದು ಕಪ್ಪು ಬೊಟ್ಟು ಮೂಡಿತು. ಅದರ ಪಕ್ಕ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ, ಮೊದಲಿಗಿಂತ ಹೆಚ್ಚು.

ಹೊನ್ನಮ್ಮ ಒದ್ದೆ ಬೂದಿಯನ್ನು ಕೈಯಿಂದ ಬಳಿದು ತೆಗೆದಳು. ಬೈದಿದ್ದರೆ ದುರ್ಗಿಗೆ ಸುಲಭವಾಗುತ್ತಿತ್ತು.

ನೀರು ಚೆಲ್ಲಿ ಮತ್ತೆ ತೋಳಿಳಿಸಿದಳು. ಬೆಳಗ್ಗೆ ಹರಿಸಿದ ತವರ ಉಗುರು ತಾಗಿದ್ದಕ್ಕೇ ಎದ್ದು ಬಂತು, ಹುಣ್ಣಿನ ಹಕ್ಕಳೆ ಏಳುವ ಹಾಗೆ. ಅದರ ಬೆನ್ನಿಗೆ ಕಲ್ಲಿನಂಥ ಕಂದು ಚೂರೊಂದು ಅಂಟಿತ್ತು. ನೀರಿನ ಕಿಟ್ಟ ಎಂದುಕೊಂಡಿದ್ದಳು. ಮೂಸಿದಳು.

"ಅಮ್ಮಾ, ಬಿರುಕು ಮುಚ್ಚೂಕೆ ಇದಕ್ಕೆ ಸುಣ್ಣ ಬೆಲ್ಲ ಹಚ್ಚಿದ್ದು ಯಾರು?"

ಹೊನ್ನಮ್ಮ ಸೆರಗಿನಿಂದ ಬೆಂಚು ಒರೆಸತೊಡಗಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು. "ನಮ್ಮನೆಯವ್ರೇ. ಅಳೂಕೆ ಹತ್ತಿದಾಗೆಲ್ಲ ನೀರು ಬಸಿದು, ಸೌಟಿನ ಕೋಲಿಗೆ ಮೆತ್ತಿ ಹಚ್ಚೂರು. ಅವ್ರು ಹೋದ ಮೇಲೆ ನಾನೂ ಹಚ್ಚಿದೆ. ಶೇಟ್ರಿಗೆ ಹೇಳ್ಲಿಲ್ಲ. ನಗ್ತಾರೆ ಹೇಳಿ."

"ಅದರ ಮೇಲೆ ತವರ ಹಿಡಿಯೂದಿಲ್ಲ. ಪೂರ್ತಿ ತೆಗೀಬೇಕು." ದುರ್ಗಿ ಚೂರನ್ನು ಬೆಂಚಿನ ಮೇಲೆ ಇಟ್ಟಳು. "ವಾಸನೆ ಬಂದಿತ್ತು. ನಂಗೇ ತಿಳೀಬೇಕಿತ್ತು."

"ತೆಗಿ," ಎಂದಳು ಹೊನ್ನಮ್ಮ. ಸ್ವಲ್ಪ ತಡೆದು, "ಎಲ್ಲ ತೆಗಿ. ಅವ್ರು ಹಚ್ಚಿದ್ದು ಅಂದ್ಕಂಡು ಏನೂ ಉಳಿಸೂದು ಬೇಡ."

ವರ್ಷಗಳ ಬೆಲ್ಲ, ವರ್ಷಗಳ ಸುಣ್ಣ. ಒಂದರ ಮೇಲೊಂದು ಪದರು ಕೂತು ಕೊಳವೆಯ ಸುತ್ತ ಬಳೆಯಂತೆ ಬಿಗಿದಿತ್ತು. ಉಳಿ ಇಟ್ಟು ತಟ್ಟಿದರೆ ಹಿತ್ತಾಳೆ ತೂತಾದೀತು, ಕೆರೆಯುವುದೊಂದೇ ದಾರಿ. ದುರ್ಗಿ ಕೆರೆದಳು. ಬಲಗೈ ಸೋತಾಗ ಎಡಗೈ, ಎಡಗೈ ಸೋತಾಗ ಬಲಗೈ. ಹೊನ್ನಮ್ಮ ತಿದಿಯ ಬಳಿ ಕೂತು ಶೆಗಡಿ ಕಾದಳು. ಬಿಸಿಲು ಬಾಗಿಲಿನಿಂದ ಒಳಗೆ ಬಂತು, ಬೆಂಚು ಹತ್ತಿತು, ಬೆಂಚಿಳಿದು ಹೊಳೆಯ ಕಡೆಗೆ ಹೊರಟಿತು. ಕೊನೆಗೆ ಬೆರಳ ತುದಿಗೆ ಬರೀ ಲೋಹ ಸಿಕ್ಕಿತು, ನುಣ್ಣಗೆ, ಸುತ್ತಲೂ.

ನವಸಾಗರದ ಹೊಗೆ ಎದ್ದಾಗ ಹೊರಗೆ ಬಂದರಿನ ಮನೆಗಳಲ್ಲಿ ದೀಪ ಹತ್ತಲು ಶುರುವಾಗಿತ್ತು. ತವರ ಕರಗಿಸುತ್ತಲೇ ದುರ್ಗಿ ಕಿಟಕಿಯಿಂದ ಕಂಡಳು: ಹೊಳೆಯಂಚಿನಲ್ಲಿ ಒಂದು ದೀಪ, ತೆಂಗಿನ ಸಾಲಿನಾಚೆ ಇನ್ನೊಂದು, ಆಮೇಲೆ ಹೂ ಪೋಣಿಸಿದ ಹಾಗೆ ಒಂದರ ಪಕ್ಕ ಒಂದು. ಈರಮ್ಮನ ಮನೆಯತ್ತ ನೋಡಲು ಧೈರ್ಯ ಸಾಲಲಿಲ್ಲ. ಬಾಯ್ಲರಿನೊಳಗೆ ತಲೆಯಿಟ್ಟಳು. ಈ ಸಲ ಯಾವ ವಾಸನೆಯೂ ಬರಲಿಲ್ಲ, ಯಾವ ಊರೂ ಕಾಣಲಿಲ್ಲ. ತವರ ಹರಿಯಿತು, ಕಚ್ಚಿತು, ನಿಂತಿತು.

ನೀರು ತುಂಬಿದರು. ಬೂದಿ ಹರಡಿದರು. ಕಾದರು. ಬೂದಿ ಬೂದಿಯಾಗಿಯೇ ಇತ್ತು.

"ಆತು," ಎಂದಳು ಹೊನ್ನಮ್ಮ. ದನಿಯಲ್ಲಿ ಸಂತೋಷ ಇರಲಿಲ್ಲ. "ಆದ್ರೆ ಎಂತ ಮಾಡೂದು. ಹೊತ್ತು ಮುಳುಗಿ ಹೋಯ್ತು."

ದುರ್ಗಿ ಮಡಕೆ ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಓಡುತ್ತ ಓಡುತ್ತ ನಿಂತಳು. ಸುತ್ತಲಿನ ಮನೆಗಳೆಲ್ಲ ಬೆಳಗಿದ್ದವು. ನಡುವೆ ಈರಮ್ಮನ ಮನೆ ಒಂದೇ ಬಾಯಲ್ಲಿ ಹಲ್ಲು ಬಿದ್ದ ಜಾಗದಂತೆ ಕಪ್ಪಗಿತ್ತು. ಮನೆಯಲ್ಲಿ ಯಾರೂ ಇಲ್ಲವೋ, ಬೆಂಕಿಯೇ ಆರಿತೋ?

ಬೇಲಿಯಾಚೆಯಿಂದ ಯಾರೋ ಹೆಂಗಸು ಕೂಗಿದಳು: "ಈರಮ್ಮಾ, ದೀಪ ಹಚ್ಚೂಕೆ ಮರೆತೆಯನೇ? ಲಕ್ಷ್ಮಿ ಎಡವಿ ಬೀಳ್ತಾಳೆ ನಿಮ್ಮ ಬಾಗಿಲಲ್ಲಿ."

"ಬೀಳ್ಲಿ. ಬಿದ್ರೆ ಒಳಗೇ ಬೀಳ್ತಾಳಲ್ಲ," ಎಂದಿತು ಕತ್ತಲೊಳಗಿನಿಂದ ಈರಮ್ಮನ ದನಿ.

ಒಲೆಯ ಮುಂದೆ ಅವಳು ಮಂಡಿ ಮಡಚಿ ಕೂತಿದ್ದಳು. ಕೆಂಡದ ಕೆಂಪಿನಲ್ಲಿ ಎದುರಿಗೆ ದೀಪ ಕಾಣುತ್ತಿತ್ತು. ಎಣ್ಣೆ ಹಾಕಿ, ಬತ್ತಿ ಹೊಸೆದಿಟ್ಟದ್ದು, ಹಚ್ಚದೇ ಇದ್ದದ್ದು.

"ಎಂತ ನೋಡ್ತೆ? ತುಂಬ್ಕೋ ಬೇಗ," ಎಂದಳು. "ಹೊನ್ನಮ್ಮನ ಬೆಂಕಿ ನನ್ನ ಮನೇಲಿ ಉಳಿದ್ರೆ ಸಾಯೂ ತನಕ ಅವಳ ಬಾಯಿ ಕೇಳ್ಬೇಕು ನಾನು."

ದುರ್ಗಿ ಒಲೆಯ ಮುಂದೆ ಕೂತಳು. ಇಕ್ಕಳದಿಂದ ಕೆಂಡವನ್ನು ಒಂದೊಂದಾಗಿ ಮಡಕೆಗೆ ಎತ್ತಿಕೊಂಡಳು. ಬಾಗಿಲು ದಾಟುವವರೆಗೆ ಈರಮ್ಮ ಕದಲಲಿಲ್ಲ. ಹಿತ್ತಿಲ ನಡುವೆ ಬಂದಾಗ ದುರ್ಗಿಯ ನೆರಳು ಇದ್ದಕ್ಕಿದ್ದಂತೆ ಅವಳ ಮುಂದೆ ಉದ್ದಕ್ಕೆ ಬಿತ್ತು. ಹಿಂದೆ ದೀಪ ಹತ್ತಿತ್ತು.

ಹೊನ್ನಮ್ಮ ಕೈ ಮುಂದೆ ಚಾಚಿ ಬಾಗಿಲಲ್ಲಿ ನಿಂತಿದ್ದಳು. ಮಡಕೆ ಇಸಿದುಕೊಂಡು ಒಳಗೆ ನೋಡಿದಳು, ಈರಮ್ಮನ ಮನೆಯ ದೀಪ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾಳೆ ಅವಳ ಭಜಿಗೆ ಉಪ್ಪು ಕಮ್ಮಿ ಅಂದ್ರೆ ನನ್ನ ನಾಲಗೆ ಬಿದ್ದುಹೋಗ್ಲಿ," ಎಂದಳು. ಮರುಗಳಿಗೆ, "ನಾಳೆ ಒಂದು ದಿನ," ಎಂದಳು.

ಕೊನೆಯ ಲಾಂಚು ಹೊರಡುವ ಮೊದಲು ನೀರು ಕುದಿಯಿತು. ಗಣಪ ಚಾ ಕುಡಿದು ಲೋಟ ಇಟ್ಟು, ಬಾಯ್ಲರಿನ ಬುಡಕ್ಕೆ ಕಿವಿಗೊಟ್ಟು, ಸದ್ದಿಲ್ಲದ್ದನ್ನು ಕೇಳಿ ತಲೆದೂಗಿದ. "ಭಟ್ಕಳದಲ್ಲಿ ಬಸ್ ಸ್ಟ್ಯಾಂಡಿನ ಹತ್ರದ ಸಾಹೇಬರ ಹೊಟೇಲಿನ ಬಾಯ್ಲರೂ ಸೋರ್ತದೆ ಹೇಳ್ತಿದ್ರು. ಆಚೆ ದಡದಲ್ಲಿ ಅವರ ಜನ ಸಿಗ್ತಾರೆ. ಶೇಟ್ರ ಕಡೆಯವರು ಬರ್ತಾರೆ ಹೇಳ್ಲಾ?"

"ದುರ್ಗಿ ಬರ್ತಾಳೆ ಹೇಳು," ಎಂದಳು ಹೊನ್ನಮ್ಮ.

"ದುರ್ಗಿ," ಎಂದು ಗಣಪ ಮರೆಯದಿರಲೆಂದು ಇನ್ನೊಮ್ಮೆ ಅಂದುಕೊಂಡು ಹೊರಟ.

ದುರ್ಗಿ ಹೊಸ್ತಿಲ ಮೇಲೆ ಕೂತು ಲಾಂಚು ಹೋಗುವುದನ್ನು ನೋಡಿದಳು. ಹೊಳೆಯ ಮೇಲೆ ಮತ್ತೆ ಮಂಜು ಇಳಿಯುತ್ತಿತ್ತು. ತನ್ನ ಹೆಸರು ಆ ಲಾಂಚಿನಲ್ಲಿ ಯಾರದೋ ಟ್ರಂಕಿನ ಪಕ್ಕ, ಖಾಲಿ ಕೋಳಿಬುಟ್ಟಿಗಳ ನಡುವೆ ಎಲ್ಲೋ ಕೂತು ಆಚೆ ದಡಕ್ಕೆ ಹೋಗುತ್ತಿದೆ ಅನ್ನಿಸಿತು. ಅದು ಸರಿಯಾಗಿ ಇಳಿಯುತ್ತದೋ ಇಲ್ಲವೋ ಎಂದು ಲಾಂಚಿನ ಲಾಟೀನು ಕಣ್ಮರೆಯಾಗುವವರೆಗೂ ಅವಳು ಎವೆಯಿಕ್ಕದೆ ಕಾದಳು.