ಒಳಗಿನ ಚಿಲಕ

೧

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದಲೇ ಆಗಲಿ ಎಂದು "ನೀಲಿ ಅಲೆಗಳು ದಡಕ್ಕೆ ಬಂದು ಪಿಸುಗುಟ್ಟಿದವು" ಅಂತ ಬರೆದೆ. ಕಥಾನಾಯಕಿ ದಾಕ್ಷಾಯಿಣಿ ಅಕ್ಕೋರು ನನ್ನ ಹೆಗಲ ಮೇಲಿಂದ ಇಣುಕಿ ಓದಿದರು.

"ಏನ್ರೀ ಕಥೆಗಾರ್ರ, ಕಾರವಾರ ಬಿಟ್ಟು ಬ್ಯಾರೆ ಸಮುದ್ರ ನೋಡೀರೇನು?"

"ಇಲ್ರಿ ಅಕ್ಕೋರ."

"ಅಲ್ಲೆರ ಅಲೆ ಪಿಸುಗುಟ್ಟಿದ್ದು ಕೇಳೀರಿ?"

"ಅದೂ ಇಲ್ರಿ."

"ಹಂಗಾರ ಕಾಟ್ ಹೊಡೀರಿ."

ಸಾಲು ಹೊಡೆದುಹಾಕಿದೆ. ಗಣಿತ ಕಲಿಸಿದವರ ಮುಂದೆ ಅಲಂಕಾರ ನಡೆಯುವುದಿಲ್ಲ.

೨

ಸರಿ, ನೆಟ್ಟಗೆ ಹೇಳಿಬಿಡುತ್ತೇನೆ. ಅಕ್ಕೋರಿಗೆ ಅರವತ್ತೊಂದು. ಮದುವೆಯಾಗಲಿಲ್ಲ. ಸರಕಾರಿ ಹೈಸ್ಕೂಲಿನಿಂದ ರಿಟೈರ್ ಆಗಿ, ಹಳೇ ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರದ ಅಣ್ಣ ಕುಬೇರಪ್ಪ ಮತ್ತು ವೈನಿ ದಾನವ್ವನ ಜೊತೆ ಇದ್ದಾರೆ. ಈಗ ಒಬ್ಬರೇ ಬಲ್ಗೇರಿಯಾದ ವರ್ಣಾ ಎಂಬ ಊರಿಗೆ ಹೊರಟಿದ್ದಾರೆ, ಅಲ್ಲೇ ಇದ್ದುಬಿಡಲು. ಕಪ್ಪು ಸಮುದ್ರದ ದಂಡೆ. ಪೆನ್ಶನ್ ಮೇಲೆ ಬದುಕಬಹುದಾದ ಸೋವಿ ಊರು ಅಂತ ಯೂಟ್ಯೂಬ್ ಹೇಳಿತು.

("ನಮ್ಮ ಶರಣರು ಜಾತಿ-ವರ್ಣ ಬ್ಯಾಡಂತ ಬಿಟ್ಟು ಬಂದ್ರು, ಇಕಿ ಹುಡಿಕ್ಕೊಂಡು ಹೊಂಟಾಳ ನೋಡ್ರಿ!" ಎಂದು ಕುಬೇರಪ್ಪನವರು ಓಣಿಗೆಲ್ಲ ನಗೆಚಾಟಿಕೆ ಹಂಚಿದರು. ಓಣಿ ನಕ್ಕಿತು. ಅವರು ಮಾತ್ರ ಅವತ್ತು ಊಟ ಮಾಡಲಿಲ್ಲ.)

೨ (ಮತ್ತೊಮ್ಮೆ, ಯಾಕೆಂದರೆ ಕಾರಣ ಹೇಳುವುದು ಮರೆತೆ)

ಕಾರಣಕ್ಕೆಂದು ಒಬ್ಬ ಹಳೆಯ ಪ್ರಿಯಕರನನ್ನು ಕಥೆಗೆ ತಂದಿದ್ದೆ, ಗಡ್ಡದವನು, ಇಂಜಿನಿಯರು. ಅಕ್ಕೋರು ಅವನಿಗೂ ಕಾಟ್ ಹೊಡೆದರು. ಖರೇ ಕಾರಣ ಇಷ್ಟೇ: ಅವರ ಕೋಣೆಗೆ ಬಾಗಿಲಿದೆ, ಒಳಗೆ ಚಿಲಕವಿಲ್ಲ.

ಮನೆಯ ಹಾಸಿಗೆ, ಅರಳೆ ಸ್ಯಾಂಪಲ್ಲು, ಉಪ್ಪಿನಕಾಯಿ ಭರಣಿ ಎಲ್ಲ ಅದೇ ಕೋಣೆಯಲ್ಲಿ. ಮೂವತ್ತೆಂಟು ವರ್ಷದಿಂದ ಯಾರಿಗೆ ಏನು ಬೇಕಾದರೂ ಬಾಗಿಲು ದೂಡಿ ಬರುತ್ತಾರೆ. ಸೀರೆ ಉಡುವಾಗ ಅಕ್ಕೋರು ಬೆನ್ನನ್ನು ಬಾಗಿಲಿಗೆ ಆನಿಸಿ ನಿಲ್ಲಬೇಕು. ತಾಯಿ ತೀರಿಕೊಂಡಾಗಲೂ ಹಾಗೇ, ಬಾಗಿಲಿಗೆ ಬೆನ್ನು ಕೊಟ್ಟು, ನಿಂತೇ ಅತ್ತರು.

ವರ್ಣಾದಲ್ಲಿ ಮೆಡಿಕಲ್ ಓದುವ ಹಳೆಯ ವಿದ್ಯಾರ್ಥಿನಿ ಪ್ರಾಚಿ, ಬಾಡಿಗೆ ಮನೆಯನ್ನು ವೀಡಿಯೋ ಕಾಲ್‌ನಲ್ಲಿ ತೋರಿಸಿದಳು.

"ಅಕ್ಕೋರ, ಕಿಡಕ್ಯಾಗ ಸಮುದ್ರ ನೋಡ್ರಿ!"

"ಸಮುದ್ರ ಇರ್ಲಿವಾ. ಬಾಗಲಾ ತೋರಸು. ಒಳಗ ಚಿಲಕ ಐತೇನು?"

ಇತ್ತು. ಅಕ್ಕೋರು ಅದನ್ನು ಮೂರು ಸಲ ಹಾಕಿಸಿ ತೆಗೆಸಿ ನೋಡಿದರು.

೩

ವೀಸಾ ಇಂಟರ್‌ವ್ಯೂ. ಅಲ್ಲೇ ನೆಲೆಸುವ ಅರ್ಜಿ. ಅಕ್ಕೋರು ಎಲ್ಲ ಪ್ರಶ್ನೆಗೂ ಪಟಪಟ ಉತ್ತರಿಸಿ, ಎದ್ದು, ಕೈಮುಗಿದು, "ಓಕೆ ಸರ್, ಐ ವಿಲ್ ಗೋ ಅಂಡ್ ಕಮ್" ಎಂದರು.

ಅಧಿಕಾರಿಯ ಪೆನ್ನು ನಿಂತಿತು. "ಕಮ್ ಬ್ಯಾಕ್? ವೆನ್?"

ಅಯ್ಯೋ ಶಿವನೇ! ಬಾಯಿಗೆ ಹತ್ತಿದ ರೂಢಿ ನೋಡಿ. ನಮ್ಮಲ್ಲಿ ಪಕ್ಕದ ಮನೆಯಿಂದ ಏಳುವಾಗಲೂ "ಬರ್ತೇನ್ರಿ" ಅಂತಲೇ ಹೇಳುವುದು. ಸತ್ತವರ ಮನೆಯಿಂದ ಏಳುವಾಗ ಮಾತ್ರ ಆ ಮಾತಿಲ್ಲ. ಬಲ್ಗೇರಿಯಾದವನಿಗೆ ಇದೆಲ್ಲ ಹೇಗೆ ತಿಳಿಯಬೇಕು? ಕೊನೆಗೆ "ನಾನು ಅಲ್ಲೇ ಇರುತ್ತೇನೆ" ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಇಂಗ್ಲಿಷಿನಲ್ಲಿ ಅಪಶಕುನವಾಗುವುದಿಲ್ಲ. ವೀಸಾ ಬಂತು.

೪

ಹೊರಡುವ ದಿನ. ಟ್ಯಾಕ್ಸಿ ಬಂದಿದೆ, ದಾನವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬ್ಯಾಗಿನಲ್ಲಿವೆ. ಅಕ್ಕೋರು ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, "ಹೋಗ್ತೇನಿ ಅಣ್ಣಾ" ಎಂದರು.

"ಬಿಡ್ತು ಅನ್ನವಾ!" ದಾನವ್ವ ಕಿರುಚಿದಳು.

ಕುಬೇರಪ್ಪನವರ ಮುಖ ಬೆಳ್ಳಗಾಯಿತು. ಈ ಮನೆಯಲ್ಲಿ "ಹೋಗ್ತೇನಿ" ಎಂದು ಹೋದವನು ಒಬ್ಬನೇ, ಕಿರಿಯ ತಮ್ಮ ಅಮರೇಶ. ಸಿಟ್ಟಿನಲ್ಲಿ ಹಾಗೆಂದು ಬೈಕ್ ಹತ್ತಿದವನ ಹೆಣ ಗಬ್ಬೂರ ಬೈಪಾಸಿನಲ್ಲಿ ಸಿಕ್ಕಿತು. ಹೊಸ್ತಿಲ ಮೇಲೆ ಕೂತವರಿಗೆಲ್ಲ ಗದರುವ ಕುಬೇರಪ್ಪನವರು ತಾವೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಬರ್ತೇನಿ ಅನ್ನು. ಆಮ್ಯಾಲೆ ನನ್ನ ದಾಟಿ ಹೋಗು."

ಇನ್ನು ಕೊನೆ ಬರೆಯಬೇಕು. ನನ್ನ ಹತ್ತಿರ ಎರಡಿವೆ.

ಕೊನೆ, ಮೊದಲನೆಯದು: ಅಕ್ಕೋರು "ಬರ್ತೇನಿ" ಅನ್ನುತ್ತಾರೆ, ಟ್ಯಾಕ್ಸಿ ಹತ್ತುತ್ತಾರೆ. ಒಂದು ಸುಳ್ಳಿನಿಂದ ಯಾರ ಗಂಟು ಹೋಗುತ್ತದೆ?

"ಸುಳ್ಳ ಉತ್ತರಕ್ಕ ಹುಡುಗೂರಿಗೆ ಸೊನ್ನಿ ಕೊಟ್ಟಾಕಿ ನಾ. ಹೇಳಂಗಿಲ್ಲ. ಕಾಟ್ ಹೊಡೀರಿ."

ಕೊನೆ, ಎರಡನೆಯದು: ಕುಬೇರಪ್ಪನವರು ತಂಗಿಯ ಕೈ ಹಿಡಿದು ಕೋಣೆಗೆ ಕರೆದೊಯ್ಯುತ್ತಾರೆ. ಬೆಳಿಗ್ಗೆ ಅಕ್ಕೋರು ಮಠಕ್ಕೆ ಹೋದಾಗ ಬಡಿಗ ಗುರುಸಿದ್ದಯ್ಯನನ್ನು ಕರೆಸಿ ಚಿಲಕ ಹಾಕಿಸಿದ್ದಾರೆ. ಹಿತ್ತಾಳೆಯದು, ಹೊಳೆಯುತ್ತಿದೆ.

(ಇದು ನಾನು ಹೊಸೆದದ್ದಲ್ಲ. ಕುಬೇರಪ್ಪನವರು ನನ್ನನ್ನು ಕೇಳದೆಯೇ ಮಾಡಿದ್ದು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

"ಪ್ರಾಚಿಗೆ ಫೋನ್ ಮಾಡಿದ್ದೆ. ನೀ ಏನ ನೋಡಿ ಮನಿ ಹಿಡದಿ ಅಂತ ಹೇಳಿದ್ಲು. ಮೊದ್ಲಽ ಹೇಳಿದ್ರ ಆಗ್ತಿರ್ಲಿಲ್ಲೇನು ದಾಕ್ಷಿ? ಈಗರ ಇರು."

ಅಕ್ಕೋರು ಚಿಲಕವನ್ನು ಹಾಕಿದರು, ತೆಗೆದರು. ಕಣ್ಣು ತುಂಬಿದವು.

"ಛಲೋ ಐತಿ ಅಣ್ಣಾ. ಆದ್ರ ಇದನ್ನ ಹಾಕಸಾಕ ನಾ ಬಲ್ಗೇರಿಯಾಕ್ಕ ಹೊಂಡಬೇಕಾತು."

ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ.

"ಬರ್ತೇನಿ ಅಂತ ನಾ ಅನ್ನಂಗಿಲ್ಲ," ಎಂದರು ಅಕ್ಕೋರು. "ನೀ ಬಾ. ನಾ ಎಲ್ಲೆ ಇದ್ರೂ ನನ್ನ ಮನಿಗೆ ಬಾ. ಬಾಗಲಾ ಬಡದು ಬಾ."

೫

"ಕುಬೇರಪ್ಪನವರು ತಂಗಿಯ ಮುಖ ನೋಡಿ..." ಎಂದು ಬರೆಯುತ್ತಿದ್ದೆ. ಅಕ್ಕೋರು ನನ್ನ ಪೆನ್ನನ್ನು ತಡೆದು ಹಿಡಿದರು.

"ಸಾಕ್ರಿ. ಮೂವತ್ತೆಂಟು ವರ್ಷ ಎಲ್ಲಾರೂ ಕೇಳದಽ ಒಳಗ ಬಂದ್ರು. ನೀವೂ ಬಂದ್ರಿ, ನಾ ಸುಮ್ಮನಿದ್ದೆ. ಇನ್ನ ಹೊರಗ ನಡೀರಿ."

ನಡೆದೆ. ಹಿಂದೆ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಯಾವ ಚಿಲಕ ಅಂತ ನೀವು ಕೇಳುತ್ತೀರಿ. ಹಳೇ ಹುಬ್ಬಳ್ಳಿಯದೋ ವರ್ಣಾದ್ದೋ, ನನಗೆ ತಿಳಿಯದು. ಬಾಗಿಲ ಹೊರಗೆ ನಿಂತವನಿಗೆ ಎಲ್ಲ ಚಿಲಕದ ಸದ್ದೂ ಒಂದೇ. ಬಡಿದು ಕೇಳೋಣವೆಂದು ಕೈ ಎತ್ತಿದೆ.

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಅಕ್ಕೋರು ಕೂತರು. ಆಮೇಲೆ, ಕೂತುಕೊಂಡೇ, ಅಳತೊಡಗಿದರು.

ನಾನು ಕೈ ಇಳಿಸಿದೆ.