ರಟ್ಟು ಕತ್ತರಿಸಿದ ಕತ್ತರಿ

ಕತ್ತರಿ ಅಕ್ಕ ದೇವರೊಂದಿಗೆ ಮಾತಾಡುತ್ತಿದ್ದದ್ದು ಕೂದಲು ಕತ್ತರಿಸುವ ತನ್ನ ಅಂಗಡಿಯಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಷಟರ್ ಎತ್ತಿ, ನೆಲ ಗುಡಿಸಿ, ಎರಡು ಕುರ್ಚಿಗಳನ್ನು ಒರೆಸಿ, ಕತ್ತರಿಯ ತಿರುಪಿಗೆ ಒಂದು ಹನಿ ಎಣ್ಣೆ ಬಿಡುವ ಹೊತ್ತಿಗೆ ಅವಳ ಪ್ರಾರ್ಥನೆ ಶುರುವಾಗುತ್ತಿತ್ತು. ಎದುರಿಗೆ ಗೋಡೆಯಗಲದ ಕನ್ನಡಿ ಇದ್ದದ್ದರಿಂದ, ರಸ್ತೆಯಲ್ಲಿ ಹೋಗುವವರಿಗೆ ಈ ಹೆಂಗಸು ತನ್ನನ್ನು ತಾನೇ ಗದರಿಸಿಕೊಳ್ಳುತ್ತಿದ್ದಾಳೆ ಅನ್ನಿಸುತ್ತಿತ್ತು. ಅನ್ನಿಸಲಿ ಬಿಡಿ. ಎರಡು ವರ್ಷದಿಂದ ಅವಳು ಕೇಳುತ್ತಿದ್ದದ್ದು ಒಂದೇ.

"ಅಪ್ಪಾ ದೇವರೇ, ನಾನೇನು ಅರಮನೆ ಕೇಳ್ತಿಲ್ಲ. ಆ ಹುಡುಗಿ ನನ್ನನ್ನ ತನ್ನವಳು ಅಂದ್ಕೊಂಡ್ರೆ ಸಾಕು. ಅಷ್ಟು ಮಾಡಿಕೊಡು."

ಹುಡುಗಿ ಅಂದರೆ ಗಂಡನ ಮೊದಲ ಹೆಂಡತಿಯ ಮಗಳು. ವಯಸ್ಸು ಹನ್ನೊಂದು. ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು. ಆಮೇಲೆ ಅತ್ತೆ, ಅಂದರೆ ಅಪ್ಪನ ತಂಗಿ, ಮೂರು ವರ್ಷ ನೋಡಿಕೊಂಡು, ಮದುವೆಯಾಗಿ ಹೋದಳು. ಅವಳ ನಂತರ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಇನ್ನೆರಡು ವರ್ಷ ಇದ್ದು, ತನ್ನ ಸೊಸೆಯ ಬಾಣಂತನಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಅಷ್ಟಾದ ಮೇಲೆ ಕತ್ತರಿ ಅಕ್ಕ ಆ ಮನೆಗೆ ಬಂದದ್ದು.

ಮನೆಯಲ್ಲಿ ಹುಡುಗಿಯನ್ನು ಕರೆಯುತ್ತಿದ್ದದ್ದು ಮೆಣಸು ಅಂತ. ಆ ಹೆಸರು ಯಾಕೆ ಬಂತೋ ಕತ್ತರಿ ಅಕ್ಕನಿಗೆ ತಲೆಕೆಳಗಾಗಿ ನಿಂತರೂ ಅರ್ಥವಾಗಿರಲಿಲ್ಲ. ಖಾರದ ಸುಳಿವೇ ಇಲ್ಲ. "ಊಟ ಚೆನ್ನಾಗಿತ್ತು ಆಂಟಿ, ಥ್ಯಾಂಕ್ಸ್." "ಬೇಡ ಆಂಟಿ, ನಾನೇ ಮಾಡ್ಕೋತೀನಿ." "ನಿಮಗೆ ತೊಂದ್ರೆ ಆಗಲ್ಲ ಅಂದ್ರೆ ಕಿಟಕಿ ತೆಗೀಲಾ ಆಂಟಿ?" ಹನ್ನೊಂದು ವರ್ಷದ ಮಗು ತನ್ನ ಮನೆಯ ಕಿಟಕಿ ತೆಗೆಯಲು ಅಪ್ಪಣೆ ಕೇಳುತ್ತದೆ! ತಟ್ಟೆ ತೊಳೆದಿಡುತ್ತಾಳೆ, ಹಾಸಿಗೆ ಮಡಿಸುತ್ತಾಳೆ, ಕೂದಲು ಕತ್ತರಿಸಲು ಪಕ್ಕದ ಬೀದಿಯ ಬೇರೆ ಅಂಗಡಿಗೆ ಹೋಗುತ್ತಾಳೆ. ಮನೆಯಲ್ಲೇ ಕತ್ತರಿ ಹಿಡಿದವಳಿರುವಾಗ! ಕೇಳಿದರೆ, "ನಿಮಗೆ ದಿನಾ ಅದೇ ಕೆಲಸ ಅಲ್ವಾ ಆಂಟಿ, ಮತ್ತೆ ಯಾಕೆ ತೊಂದ್ರೆ" ಅನ್ನುತ್ತಾಳೆ. ನೆರೆಯವರು, "ಎಂಥಾ ಮಗು ಸಿಕ್ಕಿದೆ ನಿನಗೆ, ಅದೃಷ್ಟವಂತೆ" ಅಂದಾಗಲೆಲ್ಲ ಕತ್ತರಿ ಅಕ್ಕ ಮಾತು ಬೇರೆಡೆಗೆ ತಿರುಗಿಸುತ್ತಿದ್ದಳು.

ತಪ್ಪು ಅವಳದೂ ಇತ್ತು. ಅವಳ ಕಸುಬಿನಲ್ಲಿ ಬಟ್ಟೆ ಹೊದ್ದು ಕೂತ ತಲೆಯನ್ನು ಯಾರೂ ಬಯ್ಯುವುದಿಲ್ಲ. ಗಿರಾಕಿ ಅಡುಗೆಮನೆಯ ಚಾಕುವಿನಿಂದ ತನ್ನ ಮುಂಗೂದಲನ್ನು ತಾನೇ ಹಾಳುಮಾಡಿಕೊಂಡು ಬಂದರೂ, "ಪರವಾಗಿಲ್ಲ, ಈಗ ಸರಿ ಮಾಡೋಣ, ನಿಮ್ಮ ಮುಖಕ್ಕೆ ಏನು ಮಾಡಿದ್ರೂ ಒಪ್ಪುತ್ತೆ" ಅನ್ನಬೇಕು. ಹದಿನೈದು ವರ್ಷ ಹೀಗೇ ಹೇಳಿ ಹೇಳಿ ಅವಳ ನಾಲಿಗೆಗೆ ಅದು ಅಂಟಿಬಿಟ್ಟಿತ್ತು. ಮಲತಾಯಿ ಏನು ಮಾಡುತ್ತಾಳೋ ನೋಡೋಣ ಎಂದು ಬೀದಿಗೆ ಬೀದಿಯೇ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಾಗ ಅವಳಿಗೆ ಹೊಳೆದ ಉಪಾಯವೂ ಇದೇ. ಮೆಣಸು ಹಾಲು ಚೆಲ್ಲಿದರೆ "ಪರವಾಗಿಲ್ಲ". ಲೆಕ್ಕದಲ್ಲಿ ಸೊನ್ನೆ ತಂದರೆ "ಪರವಾಗಿಲ್ಲ, ಈಗ ಸರಿ ಮಾಡೋಣ". ಹುಡುಗಿ ಎರಡು ವರ್ಷದಿಂದ ಮನೆಯಲ್ಲಿ ಗಿರಾಕಿಯ ಹಾಗೆ ಕೂತಿದ್ದಳೆಂದರೆ, ಅವಳನ್ನು ಕೂರಿಸಿದವರು ಯಾರು ಹೇಳಿ?

ಗಂಡನಿಗೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಬಸ್ಸಿನ ಡ್ರೈವರ್. ಇಡೀ ದಿನ ಹಾರ್ನ್ ಕೇಳಿ ಬಂದವನಿಗೆ ಮನೆ ನಿಶ್ಶಬ್ದವಾಗಿದ್ದರೆ ಅದೇ ಸ್ವರ್ಗ. "ನೋಡು, ಎಷ್ಟು ಹೊಂದಿಕೊಂಡಿದೀರಾ ಇಬ್ಬರೂ" ಎಂದು ಹೆಮ್ಮೆಯಿಂದ ಹೇಳಿ ಗೊರಕೆ ಹೊಡೆಯುತ್ತಿದ್ದ.

ಇನ್ನು ಆ ಕತ್ತರಿಯ ವಿಷಯ. ಅವಳಿಗೆ ಕೆಲಸ ಕಲಿಸಿದ ಹೆಂಗಸು ಕಲಿಕೆಯ ಕೊನೆಯ ದಿನ ಕೈಗಿತ್ತದ್ದು. ಕೂದಲು ಬಿಟ್ಟು ಅದು ಇನ್ನೇನನ್ನೂ ಮುಟ್ಟಿರಲಿಲ್ಲ. ಒಂದು ದಾರ ತುಂಡು ಮಾಡಬೇಕಾದರೂ ಕತ್ತರಿ ಅಕ್ಕ ಹಲ್ಲಿನಲ್ಲಿ ಕಡಿಯುತ್ತಿದ್ದಳೇ ಹೊರತು ಅದನ್ನು ತೆಗೆಯುತ್ತಿರಲಿಲ್ಲ. ಕೂದಲಿನ ಕತ್ತರಿಗೆ ಕಾಗದ ತಗುಲಿದರೆ ಅಲಗು ಕೆಡುತ್ತದೆ, ಆಮೇಲೆ ಅದು ಕೂದಲನ್ನು ಕತ್ತರಿಸುವುದಿಲ್ಲ, ಜಗ್ಗುತ್ತದೆ. ಅಂಗಡಿಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ದಿನವೂ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದಳು.

ಒಂದು ಬುಧವಾರ ಬೆಳಿಗ್ಗೆ ಏಳೂವರೆಗೆ ಅವಳು ಅಡುಗೆಮನೆಗೆ ಬಂದು ನೋಡಿದರೆ, ಮೆಣಸು ನೆಲದ ಮೇಲೆ ಕೂತು ಶಾಲೆಗೆ ಒಯ್ಯಬೇಕಾದ ಸೇತುವೆಯ ಮಾದರಿ ಮಾಡುತ್ತಿದ್ದಾಳೆ. ಸುತ್ತ ಗೋಂದು, ಬಣ್ಣ, ರಟ್ಟಿನ ಚೂರು. ಕೈಯಲ್ಲಿ ಆ ಕತ್ತರಿ. ಬೆರಳು ದಪ್ಪದ ರಟ್ಟನ್ನು ಕಚ್ಚಿಕೊಂಡು ಅದು ಕರಕರ ಅನ್ನುತ್ತಿದೆ.

"ಅಯ್ಯಯ್ಯೋ! ಅದರಲ್ಲಿ ರಟ್ಟು ಕತ್ತರಿಸ್ತಿದೀಯಾ?"

"ಅಡುಗೆಮನೆ ಕತ್ತರಿ ಕತ್ತರಿಸ್ತಾನೇ ಇಲ್ಲ ಆಂಟಿ. ಸಾರಿ."

ಬೇರೆ ದಿನವಾಗಿದ್ದರೆ "ಪರವಾಗಿಲ್ಲ" ಬರುತ್ತಿತ್ತು. ಅವತ್ತು ಅವಳ ಪಿತ್ತ ನೆತ್ತಿಗೇರಿತು. ಕತ್ತರಿಯನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಅಲಗಿನ ಮೇಲೆ ಗೋಂದಿನ ಗೀರು, ನಡುವೆ ಒಂದು ಸಣ್ಣ ಕಚ್ಚು.

"ಸಾರಿ ಅಂದ್ರೆ ಅಲಗು ಚೂಪಾಗುತ್ತಾ? ಬುದ್ಧಿ ಇದೆಯಾ ನಿನಗೆ? ಒಂದು ಮಾತು ಕೇಳೋಕೆ ಬಾಯಿ ಇರ್ಲಿಲ್ವಾ?"

"ಕೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿರ್ಲಿಲ್ಲ!"

"ಮತ್ತೆ ಯಾಕೆ ಕೇಳ್ಬೇಕಿತ್ತು?" ಮೆಣಸು ಎದ್ದು ನಿಂತಳು. ಮೂಗಿನ ಹೊಳ್ಳೆ ಅರಳಿತ್ತು. "ಕತ್ತರಿ ಇರೋದೇ ಕತ್ತರಿಸೋಕೆ!"

"ನಿನ್ನ ನಾಲಿಗೆ ಇಷ್ಟು ಚೂಪಾಗಿದೆ ಅಂತ ಮೊದಲೇ ಗೊತ್ತಿದ್ರೆ ಅದರಲ್ಲೇ ಕತ್ತರಿಸು ಅಂತಿದ್ದೆ!"

ಅರ್ಧ ಮುಖ ಕ್ಷೌರವಾಗಿ ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡಿದ್ದ ಗಂಡ ಬಾಗಿಲಲ್ಲಿ ಕಾಣಿಸಿಕೊಂಡ. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಬಸ್ಸಿನಲ್ಲಿ ಜಗಳವಾದರೆ ಕಂಡಕ್ಟರ್ ಇರುತ್ತಾನೆ. ಇಲ್ಲಿ ಯಾರಿದ್ದಾರೆ? ವಾಪಸು ಹೋಗಿ ಬಚ್ಚಲಿನ ಚಿಲಕ ಹಾಕಿಕೊಂಡ.

ಜಗಳ ಇಪ್ಪತ್ತು ನಿಮಿಷ ನಡೆಯಿತು. ಕತ್ತರಿ ಅಕ್ಕ ಬಯ್ಯುತ್ತಲೇ ಊಟದ ಡಬ್ಬಿ ತುಂಬಿದಳು, ಬಯ್ಯುತ್ತಲೇ ಸೇತುವೆಗೆ ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿದಳು, ಬಯ್ಯುತ್ತಲೇ ಹುಡುಗಿಯ ಕಾಲರಿನ ಗುಂಡಿ ಹಾಕಿದಳು. ಮೆಣಸು ಮಾತಿಗೆ ಮಾತು ಕೊಟ್ಟು, ಗೋಡೆ ಅದುರುವ ಹಾಗೆ ಬಾಗಿಲು ಹಾಕಿಕೊಂಡು ಹೋದಳು. ಹೆಸರಿನ ಖಾರ ಕತ್ತರಿ ಅಕ್ಕನಿಗೆ ಆಗ ಗೊತ್ತಾಯಿತು.

ಅಂಗಡಿಗೆ ಬರುವ ಹೊತ್ತಿಗೆ ಅವಳ ಸಿಟ್ಟೆಲ್ಲ ಇಳಿದಿತ್ತು. ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದ್ದನ್ನು ಒಂದು ಬೆಳಿಗ್ಗೆಯಲ್ಲಿ ಕೆಡಿಸಿಬಿಟ್ಟೆನಲ್ಲ! ತಾಯಿಯಿಲ್ಲದ ಮಗುವನ್ನು ಒಂದು ಕತ್ತರಿಗೋಸ್ಕರ ಬೈದೆನಲ್ಲ! ಅವತ್ತು ಕನ್ನಡಿಯ ಮುಂದೆ ನಿಂತವಳು ಬೇಡಿಕೊಳ್ಳಲಿಲ್ಲ, ಜಗಳಕ್ಕೇ ನಿಂತಳು.

"ನಾನು ಕೇಳಿದ್ದೇನು, ನೀನು ಕೊಟ್ಟಿದ್ದೇನು? ಕಿವಿ ಕೇಳಿಸುತ್ತಾ ಇಲ್ವಾ ನಿನಗೆ?"

ಸಂಜೆ ಮನೆಗೆ ಹೋಗಿ ಕ್ಷಮೆ ಕೇಳುವುದು, ಇನ್ನು ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಎಂದು ತೀರ್ಮಾನಿಸಿದಳು. ಅಂಗಡಿಯಲ್ಲಿದ್ದ ಇನ್ನೊಂದು ಹಳೆಯ ಕತ್ತರಿಯಲ್ಲಿ ಕೈ ಓಡಲಿಲ್ಲ. ಒಬ್ಬಳ ಮುಂಗೂದಲು ಓರೆಯಾಯಿತು. "ಈಗ ಇದೇ ಫ್ಯಾಷನ್" ಎಂದು ಸುಳ್ಳು ಹೇಳಿ ಕಳಿಸಿದಳು.

ನಾಲ್ಕೂಕಾಲಿಗೆ ತಿಂಗಳಿಗೊಮ್ಮೆ ಬಣ್ಣ ಹಾಕಿಸಿಕೊಳ್ಳುವ ನಿವೃತ್ತ ಹೆಡ್‌ಮೇಡಂ ಕುರ್ಚಿಯಲ್ಲಿದ್ದರು. ತಲೆ ತುಂಬ ಕಪ್ಪು ಬಣ್ಣ, ಇನ್ನು ಐದು ನಿಮಿಷಕ್ಕೆ ತೊಳೆಯಬೇಕು. ಆಗ ಗಾಜಿನ ಬಾಗಿಲು ದಡ್ಡನೆ ತೆರೆದುಕೊಂಡಿತು. ಎರಡು ವರ್ಷದಲ್ಲಿ ಒಮ್ಮೆಯೂ ಈ ಅಂಗಡಿಯ ಮೆಟ್ಟಿಲು ಹತ್ತದ ಮೆಣಸು ಒಳಗೆ ಬಂದು, ಶಾಲೆಯ ಚೀಲವನ್ನು ಖಾಲಿ ಕುರ್ಚಿಯ ಮೇಲೆ ಎಸೆದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನು ಇಡೀ ದಿನ ಯೋಚನೆ ಮಾಡ್ದೆ. ತಪ್ಪು ನಂದೊಂದೇ ಅಲ್ಲ. ನನ್ನ ಹತ್ರ ಮೂರು ಪಾಯಿಂಟ್ ಇದೆ."

ಸಂಜೆಗೆಂದು ಕ್ಷಮೆ ಸಿದ್ಧ ಮಾಡಿಟ್ಟುಕೊಂಡಿದ್ದ ಕತ್ತರಿ ಅಕ್ಕ ಬಾಯಿ ತೆರೆಯುವ ಮೊದಲೇ ಮೆಣಸು ಬೆರಳೆತ್ತಿ ಎಣಿಸತೊಡಗಿದಳು.

"ಒಂದು, ಊರವರ ತಲೆಯೆಲ್ಲಾ ಕತ್ತರಿಸ್ತೀಯಾ, ಮನೇಲಿರೋ ಕತ್ತರೀಲಿ ಒಂದು ಪೊಟ್ಟಣ ಬಿಚ್ಚೋಕಾಗಲ್ಲ. ಅದನ್ನ ಸಾಣೆ ಹಿಡಿಸೋದು ಯಾರ ಕೆಲಸ? ಎರಡು, ಅದು ಅಷ್ಟು ದೊಡ್ಡ ಕತ್ತರಿ ಅಂತ ನನಗೆ ಯಾರಾದ್ರೂ ಹೇಳಿದ್ರಾ? ನನಗೇನು ಕನಸು ಬೀಳುತ್ತಾ?"

"ಮೂರನೇದು?" ಹೆಡ್‌ಮೇಡಂ ಆಸಕ್ತಿಯಿಂದ ಕೇಳಿದರು.

"ಮೂರು..." ಹುಡುಗಿಯ ದನಿ ಸ್ವಲ್ಪ ಇಳಿಯಿತು. "ನನ್ನ ಸೇತುವೆ ಬಿದ್ದೋಯ್ತು. ಒಂದು ಕಡೆ ಕತ್ತರಿಸಿದ್ದೆ, ಇನ್ನೊಂದು ಕಡೆ ಕತ್ತರಿಸೋಕೆ ಬಿಡ್ಲೇ ಇಲ್ವಲ್ಲ ನೀನು."

"ಮುಂಚಿನ ದಿನವೇ ಮಾಡಿಡೋದು ಬಿಟ್ಟು ಬೆಳಿಗ್ಗೆ ಏಳೂವರೆಗೆ ಸೇತುವೆ ಕಟ್ಟೋಕೆ ಕೂತ್ರೆ ಬೀಳದೆ ಏನಾಗುತ್ತೆ?" ಬಾಯಿಗೆ ಹಾಕಿಕೊಂಡ ಬೀಗ ಒಂದು ದಿನವೂ ನಿಲ್ಲಲಿಲ್ಲ ನೋಡಿ.

"ಶುರುವಾಯ್ತು!" ಮೆಣಸು ಹೆಡ್‌ಮೇಡಂ ಕಡೆಗೆ ತಿರುಗಿ ನ್ಯಾಯ ಕೇಳಿದಳು. "ನೋಡಿ, ಬೆಳಿಗ್ಗೆಯಿಂದ ಇದೇ."

"ಅಮ್ಮ ಮಗಳ ಜಗಳ ಮನೇಲಿ ಮುಗಿಸ್ಕೊಳ್ರಮ್ಮಾ, ನನ್ನ ತಲೆ ಉರೀತಾ ಇದೆ!" ಎಂದರು ಹೆಡ್‌ಮೇಡಂ.

ಕತ್ತರಿ ಅಕ್ಕ ಗಾಬರಿಯಿಂದ ಗಡಿಯಾರ ನೋಡಿದಳು. ಹೆಡ್‌ಮೇಡಂ ಅಂದದ್ದನ್ನು ಇಬ್ಬರೂ ತಿದ್ದಲಿಲ್ಲ. ಒಬ್ಬಳು ನಲ್ಲಿ ತಿರುಗಿಸಿದಳು, ಇನ್ನೊಬ್ಬಳು ಹೇಳಿಸಿಕೊಳ್ಳದೆಯೇ ಟವೆಲ್ ಹಿಡಿದು ಪಕ್ಕಕ್ಕೆ ಬಂದು ನಿಂತಳು. ನೀರಿನ ಸದ್ದಿನಲ್ಲಿ ಹೆಡ್‌ಮೇಡಂಗೆ ಏನೂ ಕೇಳಿಸುವಂತಿರಲಿಲ್ಲ.

"ಸಿಟ್ಟಲ್ಲಿ ಹೋಗ್ಬಿಡ್ತೀಯಾ?" ಮೆಣಸು ಮೆಲ್ಲಗೆ ಕೇಳಿದಳು.

"ಎಲ್ಲಿಗೆ?"

"ಎಲ್ಲಿಗೋ. ಅತ್ತೆ ಹೋದ್ರಲ್ಲ. ಎಲ್ಲರೂ ಹೋಗ್ತಾರೆ." ಹುಡುಗಿ ಟವೆಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ನೀನು ಹೋಗ್ಬಾರ್ದು ಅಂತ ದಿನಾ ದೇವರ ಹತ್ರ ಕೇಳ್ಕೋತಿದ್ದೆ. ಅದಕ್ಕೇ ನಾನೇನೂ ತೊಂದ್ರೆ ಕೊಡ್ತಿರ್ಲಿಲ್ಲ. ಇವತ್ತು ಎಲ್ಲಾ ಮುಗೀತು ಅಂದ್ಕೊಂಡೆ. ಆಮೇಲೆ ಮಧ್ಯಾಹ್ನ ಡಬ್ಬಿ ತೆಗೆದೆ. ಬ್ರೆಡ್ಡಿನ ಗಟ್ಟಿ ಅಂಚೆಲ್ಲಾ ತೆಗೆದಿದ್ದೆ ನೀನು. ಅಷ್ಟು ಕೂಗಾಡ್ತಾನೂ."

ಕತ್ತರಿ ಅಕ್ಕ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

"ಬಿಟ್ಟು ಹೋಗೋರು ಅಂಚು ತೆಗೆಯಲ್ಲ ಅನ್ನಿಸ್ತು," ಎಂದಳು ಮೆಣಸು. "ಅದಕ್ಕೇ ಮಿಕ್ಕಿದ್ದ ಜಗಳ ಮುಗಿಸೋಣ ಅಂತ ಬಂದೆ."

ಒಂದು ಅಂಗಡಿಯ ಕನ್ನಡಿಯೆದುರಿಂದ, ಇನ್ನೊಂದು ಮನೆಯಿಂದ, ಎರಡು ವರ್ಷ ಒಂದೇ ಬೇಡಿಕೆ ಎರಡು ಬಾಯಿಯಿಂದ ಹೋಗಿತ್ತು. ಪಾಪ, ದೇವರಿಗೂ ಬೇರೆ ದಾರಿ ಕಾಣದೆ ಕೈಗೆ ಸಿಕ್ಕ ರಟ್ಟನ್ನೇ ಬಳಸಿರಬೇಕು. ಕತ್ತರಿ ಅಕ್ಕನಿಗೆ ಉಕ್ಕಿ ಬಂದ ಸಂತೋಷಕ್ಕೆ ಅಳು ಬಂತು. ಬಣ್ಣ ಮೆತ್ತಿದ ಕೈಗವಸು ಹಾಕಿಕೊಂಡಿರುವುದನ್ನು ಮರೆತು, ಅದರಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಯ ಉದ್ದಕ್ಕೂ ಕಪ್ಪು ಬಣ್ಣ ಬಳಿದುಕೊಂಡಿತು.

ಮೆಣಸು ಕಣ್ಣರಳಿಸಿ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಳಿಸ್ಬೇಡ, ಅಳಿಸ್ಬೇಡ, ಅಪ್ಪ ನೋಡ್ಲಿ!"

"ಏನಾಯ್ತು?" ಎಂದು ಹೆಡ್‌ಮೇಡಂ ಬೇಸಿನ್ನಿನೊಳಗಿಂದ ಕೂಗಿದರು.

ಒಳ್ಳೆಯ ಬಣ್ಣ, ಸುಲಭಕ್ಕೆ ಹೋಗುವಂಥದ್ದಲ್ಲ. ನಾಲ್ಕು ದಿನ ಹಾಗೇ ಇತ್ತು. ಗಿರಾಕಿಗಳು ಒಬ್ಬರಾದ ಮೇಲೊಬ್ಬರು ಕೇಳಿದರು, ಇದೇನು ಕೆನ್ನೆಯ ಮೇಲೆ ಅಂತ. ಕತ್ತರಿ ಅಕ್ಕ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದಳು:

"ಓ ಇದಾ? ನನ್ನ ಮಗಳು ಜಗಳಕ್ಕೆ ಬಂದಿದ್ಲು."